ನಿಲ್ಲದ ಶನಿಗೊಂದು ತೊಟ್ಟಿಲು

ಹೋದ್ಸಲ ಬೀಸೋಕಲ್ಲಿನ ಬಗ್ಗೆ ಬರೆದಿದ್ದೆನಲ್ಲ, ಅದನ್ನ ಓದಿ ಬೀದಿ ಕೊನೆ ಮನೆ ಅಕ್ಕ ಕೇಳಿದ್ರು: "ಕಲ್ಲಿನ ಕತೆ ಇರಲಿ ಕಣೇ, ನಿಮ್ಮ ಮಿದ್ದೆ ಮೇಲೆ ಅದೇನೋ ಪೈಪು ಇಟ್ಕೊಂಡು ರಾತ್ರಿಯೆಲ್ಲ ಕೂತಿರ್ತೀರಲ್ಲ, ಅದರ ಕತೆ ಯಾವಾಗ ಬರೀತೀಯ?" ಇವತ್ತು ಅದೇ ಕತೆ. ಅರ್ಧ ನಮ್ಮನೇದು, ಅರ್ಧ ದೇಶಾಂತರದ್ದು. ದೇಶಾಂತರದ್ದರಲ್ಲೂ ಹೆಣ್ಣುಮಕ್ಕಳ ಕೈ ಐತೆ ಅಂತ ಗೊತ್ತಾದ ಮೇಲೆ ಬರೀಲೇಬೇಕು ಅನ್ನಿಸ್ತು.

ನಾಲ್ಕೈದು ವರ್ಷದ ಹಿಂದಿನ ಮಾತು. ಕಾರ್ತಿಕ ಮಾಸ, ದೀಪಾವಳಿ ಮುಗಿದಿತ್ತು, ಮಳೆ ಮೋಡ ಹೋಗಿ ಆಕಾಶ ತೊಳೆದಿಟ್ಟಂಗಿತ್ತು. ನಮ್ಮ ಮೈದುನನ ಮಗ ಡಿಪ್ಲೊಮಾ ಓದ್ತಿದ್ದ. ಅವನೇ ಕೂತು ಮಾಡಿದ ಟೆಲಿಸ್ಕೋಪನ್ನ ಮಿದ್ದೆ ಮೇಲಕ್ಕೆ ಹೊತ್ಕೊಂಡು ಬಂದ. ನೀರಿನ ಪೈಪಿನಂಥ ದಪ್ಪ ಪಿ.ವಿ.ಸಿ. ಪೈಪು, ತಳದಲ್ಲಿ ಆರಿಂಚಿನ ಕನ್ನಡಿ, ಅದನ್ನ ಕೂರಿಸೋಕೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ. ಪೆಟ್ಟಿಗೆ ನೆಲದ ಮೇಲೆ ಬೀಸೋಕಲ್ಲಿನಂಗೆ ಸುತ್ತಲೂ ತಿರುಗ್ತದೆ, ಪೈಪು ಮೇಲಕ್ಕೂ ಕೆಳಕ್ಕೂ ಬಾಗ್ತದೆ. ಅಷ್ಟೇ ಅದರ ಯಂತ್ರ. "ಇವತ್ತು ಶನಿ ತೋರಿಸ್ತೀನಿ, ಎಲ್ಲರೂ ಬನ್ನಿ" ಅಂದ.

ಶನಿ ಅಂದ್ರೆ ನಮ್ಮ ಕಡೆ ಗೊತ್ತಲ್ಲ. ಒಬ್ಬರು ಮುಖ ಸೊಟ್ಟ ಮಾಡಿದ್ರು, ಒಬ್ಬರು ಎಳ್ಳೆಣ್ಣೆ ದೀಪ ಹಚ್ಚಿಟ್ಟು ಬಂದ್ರು. ಆದ್ರೂ ಎಲ್ಲರಿಗೂ ನೋಡೋ ಆಸೆ. ಮೊದಲು ಮಕ್ಕಳು ನುಗ್ಗಿದ್ವು, ಆಮೇಲೆ ಗಂಡಸರು, ಆಮೇಲೆ ನಾವು ವಾರಗಿತ್ತಿಯರು, ಪಕ್ಕದ ಮನೆಯವರು. ಎಲ್ಲರಿಗಿಂತ ಕೊನೆಗೆ ನಮ್ಮ ಅತ್ತೆ. ಅವರಿಗೆ ಮಂಡಿನೋವು. ಮೆಟ್ಟಿಲು ಹತ್ತಿ, ಸ್ಟೂಲ್ ಮೇಲೆ ಕೂತು, ಕನ್ನಡಕ ತೆಗೆದು, ಸೆರಗಿನ ತುದೀಲಿ ಕಣ್ಣೊರೆಸ್ಕೊಂಡು ಬಗ್ಗೋ ಹೊತ್ತಿಗೆ ಶನಿ ಅಲ್ಲಿ ಇಲ್ಲ. ಹುಡುಗ ಮತ್ತೆ ಹುಡುಕಿ ಕೊಟ್ಟ. ಅತ್ತೆ ಕಣ್ಣಿಡೋಕೆ ಹೋಗಿ ಪೈಪಿಗೆ ಕೈ ತಗುಲಿಸಿದ್ರು, ಮತ್ತೆ ಹೋಯ್ತು. ಮೂರನೇ ಸಲಕ್ಕೆ, "ನೋಡ್ದೆ ಬುಡಪ್ಪ, ಚೆನ್ನಾಗೈತೆ" ಅಂದು ಎದ್ದುಬಿಟ್ರು.

ರಾತ್ರಿ ಹಾಸಿಗೆ ಹಾಸುವಾಗ ನನ್ನ ಹತ್ರ ಮೆಲ್ಲಗೆ ಅಂದ್ರು: "ಏನೂ ಕಾಣಲಿಲ್ಲ ಕಣಮ್ಮ, ಬರೀ ಕಪ್ಪು. ಹುಡ್ಗ ನೊಂದ್ಕೊತಾನೆ ಅಂತ ಅಂಗಂದೆ." ಆಮೇಲೆ ಅವರೇ ನಕ್ಕರು: "ನನ್ನನ್ನ ಏಳೂವರೆ ವರ್ಷ ಇಡ್ಕೊಂಡಿದ್ದೋನು, ಇವತ್ತು ನಾನೇ ನೋಡ್ತೀನಿ ಅಂದ್ರೆ ಒಂದು ನಿಮಿಷ ನಿಲ್ಲಲಿಲ್ಲ ನೋಡು!"

ನನಗೂ ನಗು ಬಂತು. ಆದ್ರೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣೋರು ನಾವು, ತಳಕ್ಕೆ ಹತ್ತಿದ್ದು ನಮ್ಮ ಪಾಲಿಗೆ. ಆಕಾಶ ನೋಡೋದರಲ್ಲೂ ಹಂಗೇ ಆಗಬೇಕಾ ಅನ್ನಿಸ್ತು. ಬೆಳಿಗ್ಗೆ ಹುಡುಗನ್ನ ಕೇಳಿದೆ: "ಅದು ಯಾಕೆ ಓಡ್ತೈತೆ? ಅದರ ಹಿಂದೆ ಓಡೋ ಹಂಗೆ ನಿನ್ನ ಪೆಟ್ಟಿಗೇನ ಮಾಡೋಕಾಗಲ್ವಾ?" ಅವನು, "ಆಗ್ತದೆ ದೊಡ್ಡಮ್ಮ, ಆದ್ರೆ ಅದೇ ಕಷ್ಟದ್ದು" ಅಂದ. ಆ ಕಷ್ಟಕ್ಕೆ ಇನ್ನೂರು ಮುನ್ನೂರು ವರ್ಷದ ಕತೆ ಐತೆ ಅಂತ ಆಮೇಲೆ ಗೊತ್ತಾಯ್ತು.

ಮೊದಲು ಓಡೋದು ಯಾಕೆ ಅಂತ ಹೇಳಿಬಿಡ್ತೀನಿ. ಶನಿ ಓಡಲ್ಲ, ನಾವು ಓಡ್ತೀವಿ. ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗ್ತೈತೆ. ಹಂಗಾಗಿ ಆಕಾಶ ಪೂರ್ತಿ ನಮ್ಮ ತಲೆ ಮೇಲೆ ಗಂಟೆಗೆ 15 ಡಿಗ್ರಿ ಪಡುವಲಿಗೆ ಜಾರ್ತೈತೆ, ಅಂದ್ರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಬರೀ ಕಣ್ಣಿಗೆ ಅದು ಗೊತ್ತೇ ಆಗಲ್ಲ. ಆದ್ರೆ ಟೆಲಿಸ್ಕೋಪಲ್ಲಿ ನೂರೈವತ್ತು ಪಟ್ಟು ಹಿಗ್ಗಿಸಿ ನೋಡುವಾಗ ನಮಗೆ ಕಾಣೋ ಆಕಾಶದ ಚೂರು ಹುಣ್ಣಿಮೆ ಚಂದ್ರನಿಗಿಂತ ಚಿಕ್ಕದು. ಆ ಚೂರನ್ನ ಈ ಕಡೆಯಿಂದ ಆ ಕಡೆಗೆ ದಾಟೋಕೆ ಶನಿಗೆ ಒಂದೂಕಾಲು ಒಂದೂವರೆ ನಿಮಿಷ ಸಾಕು. ಮಧ್ಯದಲ್ಲಿಟ್ಟು ಕೊಟ್ರೆ ಅದರಲ್ಲೂ ಅರ್ಧ. ಮಂಡಿನೋವಿನೋರು ಸ್ಟೂಲ್ ಮೇಲೆ ಕೂರೋದಕ್ಕೇ ಅಷ್ಟು ಬೇಕು.

ಇನ್ನು ಆಕಾಶ ತಿರುಗೋ ರೀತಿ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮದುವೆಯಲ್ಲಿ ಧ್ರುವನನ್ನ ತೋರಿಸೋದೇ ಅವನೊಬ್ಬ ಅಲ್ಲಾಡಲ್ಲ ಅಂತ. ಮಿಕ್ಕಿದ್ದೆಲ್ಲ ಅವನ ಸುತ್ತ ತಿರುಗ್ತೈತೆ. ಬಡಗಲಿಗೆ ಮುಖ ಮಾಡಿ ನಿಂತು ಕೈ ಚಾಚಿ ಮುಷ್ಟಿ ಹಿಡೀರಿ. ನೆಲ ಮುಗಿಯೋ ಗೆರೆಯಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು, ಅಲ್ಲಿ ಹತ್ತಿರದಲ್ಲೇ ಇರ್ತಾನೆ ಧ್ರುವ. ಗೌನಿಪಲ್ಲಿಯಲ್ಲಿ ಅವನು ನೆಲದಿಂದ ಹದಿಮೂರು ಹದಿನಾಲ್ಕು ಡಿಗ್ರಿ ಎತ್ತರ ಅಷ್ಟೇ. ಲಂಡನ್ನಿನಲ್ಲಾದ್ರೆ ಐವತ್ತೊಂದು ಡಿಗ್ರಿ, ಅರ್ಧ ಆಕಾಶಕ್ಕಿಂತ ಮೇಲೆ. ಈ ಲೆಕ್ಕ ನೆನಪಿಟ್ಕೊಳ್ಳಿ, ನಮ್ಮ ಕತೆಯ ಗಂಟು ಇಲ್ಲೇ ಇರೋದು.

ಹಂಗಾದ್ರೆ ಆಕಾಶ ನಮ್ಮೂರಲ್ಲಿ ಬೀಸೋಕಲ್ಲಿನಂಗೆ ತಿರುಗಲ್ಲ, ಬೀಸೋಕಲ್ಲಿನ ಗೂಟ ನೆಟ್ಟಗೆ ನಿಂತಿರ್ತದೆ. ನಮ್ಮ ಆಕಾಶದ ಗೂಟ ಹೆಚ್ಚೂಕಮ್ಮಿ ಮಲಗಿರ್ತದೆ. ಬಾವಿ ರಾಟೆ ನೆನೆಸ್ಕೊಳ್ಳಿ. ಅದರ ಅಚ್ಚು ತೆಂಕಲಿಂದ ಬಡಗಲಿಗೆ ಮಲಗೈತೆ, ಬಡಗಣ ತುದಿ ಮಾತ್ರ ಸ್ವಲ್ಪ ಮೇಲಕ್ಕೆ ಎತ್ತೈತೆ ಅಂದ್ಕೊಳ್ಳಿ. ಆ ರಾಟೆ ತಿರುಗಿದಂಗೆ ಚುಕ್ಕಿಗಳು ಮೂಡಲಲ್ಲಿ ಎದ್ದು, ತಲೆ ಮೇಲೆ ಹತ್ತಿ, ಪಡುವಲಲ್ಲಿ ಇಳೀತವೆ. ಹುಡುಗನ ಪೆಟ್ಟಿಗೆ ಬೀಸೋಕಲ್ಲು, ಆಕಾಶ ರಾಟೆ. ಎರಡಕ್ಕೂ ಹೊಂದಾಣಿಕೆ ಆಗದೆ ಇರೋದಕ್ಕೇ ಅವನು ಚೂರು ಪಕ್ಕಕ್ಕೆ, ಚೂರು ಮೇಲಕ್ಕೆ ಅಂತ ತಳ್ಳಾಡಬೇಕಿತ್ತು.

ಈ ತಳ್ಳಾಟ ಮನೇಲಿ ಟೆಲಿಸ್ಕೋಪು ಮಾಡಿದೋರೆಲ್ಲ ಪಟ್ಟಿದ್ದೇ. ಅವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ವಿಲಿಯಂ ಹರ್ಷೆಲ್. ಹುಟ್ಟಿದ್ದು ಜರ್ಮನಿ, ಹೊಟ್ಟೆಪಾಡಿಗೆ ಬಾತ್ ಅನ್ನೋ ಊರಲ್ಲಿ ಸಂಗೀತ ಹೇಳಿಕೊಡ್ತಿದ್ದ. 1772ರಲ್ಲಿ ತಂಗಿ ಕ್ಯಾರೊಲಿನ್‌ಳನ್ನ ಕರ್ಕೊಂಡು ಬಂದ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಅವಳು ಕುಳ್ಳಗೇ ಉಳ್ಕೊಂಡಿದ್ದಳು, ಮನೆಯವರು ಅವಳನ್ನ ಮನೆಗೆಲಸಕ್ಕೇ ಅಂತ ಎಣಿಸಿಬಿಟ್ಟಿದ್ರು. ಅಣ್ಣನ ಮನೇಲಿ ಹಾಡು ಕಲಿತು ಕಚೇರಿಗಳಲ್ಲಿ ಹಾಡಿದಳು. ಅಷ್ಟರಲ್ಲಿ ಅಣ್ಣನಿಗೆ ಟೆಲಿಸ್ಕೋಪಿನ ಹುಚ್ಚು ಹಿಡೀತು. ಮನೆ ತುಂಬ ಮರಗೆಲಸ, ಲೋಹದ ಕನ್ನಡಿ ಎರಕ ಹೊಯ್ಯೋ ಗಲಾಟೆ. ಎರಕದ ಅಚ್ಚಿಗೆ ಕುದುರೆ ಲದ್ದಿ ಬೇಕು. ಅದನ್ನ ಒರಳಲ್ಲಿ ಕುಟ್ಟಿ ನುಣ್ಣಗೆ ಜರಡಿ ಹಿಡಿಯೋ ಕೆಲಸ ಕ್ಯಾರೊಲಿನ್‌ಗೂ ಬಂತು. ಅಣ್ಣ ಕನ್ನಡಿ ಉಜ್ಜೋಕೆ ಕೂತ್ರೆ ಗಂಟೆಗಟ್ಟಲೆ ಕೈ ತೆಗೆಯೋ ಹಂಗಿಲ್ಲ. ಆಗ ಅವನ ಬಾಯಿಗೆ ತುತ್ತು ಇಡ್ತಿದ್ದೋಳೂ ಅವಳೇ.

ಅಂಥ ಮನೇಲಿ ಮಾಡಿದ ಟೆಲಿಸ್ಕೋಪಲ್ಲಿ 1781ರ ಮಾರ್ಚ್ 13ರ ರಾತ್ರಿ ಹರ್ಷೆಲ್ ಯುರೇನಸ್ ಗ್ರಹ ಕಂಡ. ನಮ್ಮ ಪಂಚಾಂಗದಲ್ಲಿ ಇಲ್ಲದ ಗ್ರಹ, ಶನಿಗಿಂತ ಆಚೆಯದು. ಬರೀ ಕಣ್ಣಿಗೆ ಕಾಣೋ ಗ್ರಹಗಳಷ್ಟೇ ಲೋಕಕ್ಕೆ ಗೊತ್ತಿದ್ದ ಕಾಲಕ್ಕೆ ಅಲ್ಲಿಗೆ ಕೊನೆ ಆಯ್ತು. ಅವನಿಗೆ ರಾಜನ ಸಂಬಳ ಸಿಕ್ತು, ದೊಡ್ಡ ದೊಡ್ಡ ಟೆಲಿಸ್ಕೋಪು ಕಟ್ಟೋಕೆ ಶುರು ಮಾಡಿದ.

ಅವುಗಳಲ್ಲೊಂದು ಇಪ್ಪತ್ತಡಿ ಉದ್ದದ್ದು. ಮರದ ಕಂಬ, ಹಗ್ಗ, ರಾಟೆಗಳಲ್ಲಿ ತೂಗು ಹಾಕಿದ್ದು. ಅಣ್ಣ ಮೇಲೆ ನಿಂತು ನೋಡ್ತಾನೆ, ಕೆಳಗಿರೋರು ಅವನು ಹೇಳಿದಂಗೆ ಯಂತ್ರ ಸರಿಸಬೇಕು. 1783ರ ಡಿಸೆಂಬರ್ 31, ನೆಲದ ಮೇಲೆ ಒಂದಡಿ ಹಿಮ. ಪಕ್ಕಕ್ಕೆ ಸರಿಸು ಅಂತ ಅಣ್ಣ ಕೂಗಿದ. ಕ್ಯಾರೊಲಿನ್ ಕತ್ತಲಲ್ಲಿ ಓಡೋವಾಗ ಜಾರಿ ಬಿದ್ದಳು. ಯಂತ್ರದ ಕಬ್ಬಿಣದ ಕೊಕ್ಕೆ ಅವಳ ಬಲಗಾಲಿಗೆ ಮಂಡಿ ಮೇಲೆ ಚುಚ್ಚಿಕೊಂಡಿತು. ಬಿಡಿಸಿದಾಗ ಮಾಂಸದ ಚೂರು ಕೊಕ್ಕೆಯಲ್ಲೇ ಉಳೀತು ಅಂತ ಅವಳೇ ಬರೆದಿಟ್ಟವಳೆ. ಆಕಾಶದ ಹಿಂದೆ ಟೆಲಿಸ್ಕೋಪು ತಿರುಗಬೇಕಾದ್ರೆ ಯಾರೋ ಒಬ್ಬರು ಕತ್ತಲಲ್ಲಿ ಓಡಾಡಬೇಕಿತ್ತು, ಅವತ್ತು ಓಡಿದ್ದು ಅವಳು. ಮುಂದೆ ಅವಳೇ ಒಂದು ಚಿಕ್ಕ ಟೆಲಿಸ್ಕೋಪು ಇಟ್ಕೊಂಡು 1786ರ ಆಗಸ್ಟ್ 1ರಂದು ಧೂಮಕೇತು ಕಂಡುಹಿಡಿದಳು. ಒಟ್ಟು ಎಂಟು. 1787ರಿಂದ ರಾಜನ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡು ಸಂಬಳ. 97 ವರ್ಷ ಬದುಕಿದಳು.

ಓಡಾಡೋ ಮನುಷ್ಯನ ಬದಲಿಗೆ ಗಡಿಯಾರ ಬಂದಿದ್ದು ಆಮೇಲೆ. ಜರ್ಮನಿಯ ಫ್ರೌನ್‌ಹೋಫರ್ ಅನ್ನೋ ಗಾಜಿನ ಕುಶಲಿ 1824ರಲ್ಲಿ ಡೋರ್ಪಾಟ್ ಊರಿಗೆ (ಈಗ ಎಸ್ಟೋನಿಯಾದ ಟಾರ್ಟು) ಒಂದು ಟೆಲಿಸ್ಕೋಪು ಮಾಡಿಕೊಟ್ಟ. ಅದರ ಅಚ್ಚನ್ನ ಧ್ರುವನ ಕಡೆಗೆ ಓರೆಯಾಗಿ ನಿಲ್ಲಿಸಿದ. ತೂಕದ ಗುಂಡು ಮೆಲ್ಲಗೆ ಇಳೀತಾ ಹೋದಂಗೆ ಗಡಿಯಾರದ ಹಲ್ಲುಚಕ್ರ ತಿರುಗಿ ಟೆಲಿಸ್ಕೋಪನ್ನ ಚುಕ್ಕಿ ಜೊತೆ ಕರ್ಕೊಂಡು ಹೋಗ್ತದೆ. ಇಲ್ಲಿರೋ ಗುಟ್ಟು ಒಂದೇ. ಅಚ್ಚು ಧ್ರುವನ ಕಡೆ ನೋಡ್ತಿದ್ರೆ ಎರಡು ಕಡೆ ತಳ್ಳೋ ಕೆಲಸ ಇಲ್ಲ. ಒಂದೇ ಅಚ್ಚು, ಒಂದೇ ಕಡೆ, ಒಂದೇ ವೇಗ.

ಈಗ ನಮ್ಮ ಸೀಮೆಗೆ ಬರ್ತೀನಿ. ವೇಣು ಬಾಪು ಅಂತ ದೊಡ್ಡ ವಿಜ್ಞಾನಿ ಇದ್ದರು. 1927ರಲ್ಲಿ ಹುಟ್ಟಿದ್ದು, ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದೋರು. ಬಾಪು 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ರಾತ್ರಿ ಆಕಾಶ ನೋಡೋಕೆ ಒಳ್ಳೆ ಜಾಗ ಹುಡುಕಿ, ನಮ್ಮ ಕೋಲಾರಕ್ಕೆ ಆಗ್ನೇಯದಲ್ಲಿ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನ ಆರಿಸಿದರು. 1968ರಲ್ಲಿ ಅಲ್ಲಿ ಮೊದಲು ಕೂರಿಸಿದ್ದು ಹೊರದೇಶದಿಂದ ತಂದಿದ್ದಲ್ಲ, ಕೊಡೈಕೆನಾಲಿನ ತಮ್ಮದೇ ಕಾರ್ಖಾನೆಯಲ್ಲಿ ಮಾಡಿದ 38 ಸೆಂಟಿಮೀಟರ್ ಟೆಲಿಸ್ಕೋಪು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವತಂತ್ರ ಸಂಸ್ಥೆಯಾಯ್ತು, ಅದರ ಮುಖ್ಯ ಕಚೇರಿ ಈಗ ಬೆಂಗಳೂರಿನ ಕೋರಮಂಗಲದಲ್ಲಿ. 1972ರಲ್ಲಿ ಕಾವಲೂರಿಗೆ ಜರ್ಮನಿಯಿಂದ ಒಂದು ಮೀಟರಿನ ಟೆಲಿಸ್ಕೋಪು ಬಂತು.

ಹರ್ಷೆಲ್ ಕಂಡ ಯುರೇನಸ್ ಇಲ್ಲಿ ಮತ್ತೆ ಬರ್ತೈತೆ ನೋಡಿ. 1977ರ ಮಾರ್ಚ್ 10ರಂದು ಯುರೇನಸ್ ಒಂದು ಚುಕ್ಕಿಗೆ ಅಡ್ಡ ಬರೋದಿತ್ತು. ಕಾವಲೂರಲ್ಲಿ ಆ ಚುಕ್ಕಿಯನ್ನೇ ಹಿಡ್ಕೊಂಡು, ಅದರ ಬೆಳಕನ್ನ ಅಳೀತಾ ಕೂತಿದ್ರು. ಗ್ರಹ ಅಡ್ಡ ಬರೋದಕ್ಕೂ ಮುಂಚೇನೇ ಬೆಳಕು ಕೆಲವು ಸೆಕೆಂಡು ಮಂಕಾಯ್ತು. ಅಲ್ಲಿನ ಭಟ್ಟಾಚಾರ್ಯ, ಕುಪ್ಪುಸ್ವಾಮಿ ಅನ್ನೋರು ಮೊದಲು ಅದನ್ನ ಹೊಸ ಉಪಗ್ರಹ ಅಂತ ಎಣಿಸಿ ಬರೆದರು. ಅದೇ ಹೊತ್ತಲ್ಲಿ ಅಮೆರಿಕದವರು ವಿಮಾನದಲ್ಲಿ ಟೆಲಿಸ್ಕೋಪು ಇಟ್ಕೊಂಡು ನೋಡ್ತಿದ್ರು, ಅವರಿಗೂ ಬೆಳಕು ಹಿಂಗೇ ಮಂಕಾಗಿತ್ತು. ಎಲ್ಲ ಕೂಡಿಸಿ ನೋಡಿದಾಗ ಶನಿಗೆ ಇದ್ದಂಗೆ ಯುರೇನಸ್ಸಿಗೂ ಬಳೆಗಳು ಇರೋದು ಗೊತ್ತಾಯ್ತು. ಆ ಕೆಲವು ಸೆಕೆಂಡು ಸಿಗಬೇಕಾದ್ರೆ ಟೆಲಿಸ್ಕೋಪು ಚುಕ್ಕಿಯನ್ನ ಒಂದು ಗಳಿಗೆಯೂ ಬಿಡದೆ ಹಿಂಬಾಲಿಸಿರಬೇಕು. ಸ್ಟ್ಯಾಂಡು ಎಡವಿದ್ರೆ ಬಳೆಯೂ ಇಲ್ಲ, ಸುದ್ದಿಯೂ ಇಲ್ಲ.

ಆಮೇಲೆ ಅಲ್ಲೇ 2.34 ಮೀಟರಿನ ದೊಡ್ಡ ಟೆಲಿಸ್ಕೋಪನ್ನ ನಮ್ಮ ದೇಶದವರೇ ಕಟ್ಟಿದರು. ಅದು ಮುಗಿಯೋದನ್ನ ಬಾಪು ನೋಡಲಿಲ್ಲ, 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಅದಕ್ಕೆ ಅವರ ಹೆಸರಿಟ್ಟರು. ಅದರ ಸ್ಟ್ಯಾಂಡಿನ ಚಿತ್ರ ನೋಡಿದ್ರೆ ನಿಮಗೂ ಗುರುತು ಸಿಗ್ತೈತೆ. ಕುದುರೆ ಲಾಳದಂಥ ದೊಡ್ಡ ಕಮಾನು, ಅದು ಬಡಗಲ ಕಡೆ. ಅಚ್ಚು ಹೆಚ್ಚೂಕಮ್ಮಿ ಮಲಗೈತೆ. ಯಾಕಂದ್ರೆ ಕಾವಲೂರಲ್ಲೂ ಧ್ರುವ ನಮ್ಮಲ್ಲಿಯಂಗೇ ನೆಲದ ಹತ್ತಿರ. ಈ ಚಿತ್ರ ನಮ್ಮ ಹುಡುಗ ಮೊದಲೇ ಸರಿಯಾಗಿ ನೋಡಿದ್ದಿದ್ರೆ ಅವನಿಗೆ ಎರಡು ತಿಂಗಳು ಉಳೀತಿತ್ತು.

ಅವನು ನೋಡಿದ್ದು ಬೇರೆಯವರದು. ಅವನ ಪೆಟ್ಟಿಗೆ ಟೆಲಿಸ್ಕೋಪಿಗೆ ಡಾಬ್ಸನ್ ಅನ್ನೋರ ಹೆಸರು ಐತೆ. ಈ ಜಾನ್ ಡಾಬ್ಸನ್ ಕತೆ ಕೇಳಿದ್ರೆ ನಿಮಗೆ ಇಷ್ಟ ಆಗ್ತೈತೆ. 1915ರಲ್ಲಿ ಬೀಜಿಂಗಲ್ಲಿ ಹುಟ್ಟಿದ ಅಮೆರಿಕದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರೋ ವೇದಾಂತ ಆಶ್ರಮಕ್ಕೆ, ಅಂದ್ರೆ ನಮ್ಮ ರಾಮಕೃಷ್ಣ ಪರಂಪರೆಯ ಆಶ್ರಮಕ್ಕೆ ಸೇರಿ ಸನ್ಯಾಸಿ ಆದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜು ತಂದು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಹಳೇ ಮರ, ಪ್ಲೈವುಡ್ಡು ಹಾಕಿ ಟೆಲಿಸ್ಕೋಪು ಕಟ್ಟಿದರು. ರಾತ್ರಿ ಆಶ್ರಮದಿಂದ ಹೊರಗೆ ಹೋಗಿ ಬೀದಿ ಮಕ್ಕಳಿಗೆ, ದಾರಿಹೋಕರಿಗೆ ಆಕಾಶ ತೋರಿಸ್ತಿದ್ರು. 1967ರಲ್ಲಿ ಆಶ್ರಮ ಬಿಡಬೇಕಾಯ್ತು. ಮಾರನೇ ವರ್ಷ ಫುಟ್‌ಪಾತಿನ ಮೇಲೆ ಆಕಾಶ ತೋರಿಸೋರ ಸಂಘವೊಂದು ಅವರ ಸುತ್ತ ಹುಟ್ಕೊಂಡಿತು. 2014ರವರೆಗೂ ಬದುಕಿದ್ರು. ತಾವು ಮಾಡಿದ್ದಕ್ಕೆ ಅವರು ಹಕ್ಕು ಕಟ್ಟಿಕೊಳ್ಳಲಿಲ್ಲ. ಹಂಗಾಗೇ ಅವರ ಪೆಟ್ಟಿಗೆ ಇವತ್ತು ಗೌನಿಪಲ್ಲಿ ಮಿದ್ದೆ ಮೇಲೂ ಬಂದು ಕೂತೈತೆ.

ಡಾಬ್ಸನ್ ಆಕಾಶಾನ ಬಡವರ ಕೈಗೆ ತಂದುಕೊಟ್ಟರು. ಆದ್ರೆ ಆ ಪೆಟ್ಟಿಗೆ ಬೀಸೋಕಲ್ಲಿನ ಜಾತಿ, ತಾನಾಗಿ ಹಿಂಬಾಲಿಸಲ್ಲ. ಪ್ರತಿಯೊಬ್ಬರಿಗೂ ಒಬ್ಬರು ಸರಿಸಿಕೊಡಬೇಕು. ಚುರುಕಾಗಿರೋರಿಗೆ ಸಾಕು, ನಮ್ಮ ಅತ್ತೆಯಂಥೋರಿಗೆ ಸಾಲದು.

ಅದಕ್ಕೂ ಮನೆಯಲ್ಲೇ ದಾರಿ ಹುಡುಕಿದೋರು ಇದ್ರು. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಅನ್ನೋರು 1975ರಲ್ಲಿ ಅಮೆರಿಕದ ಆಕಾಶ ಪತ್ರಿಕೆಯೊಂದರಲ್ಲಿ ಬರೆದರು: ಎರಡು ಹಲಗೆ ತಗೊಳ್ಳಿ, ಬಾಗಿಲಿಗೆ ಹಾಕೋ ಕೀಲು ಹಾಕಿ, ಕೀಲನ್ನ ಧ್ರುವನ ಕಡೆ ತಿರುಗಿಸಿ, ನಡುವೆ ಒಂದು ತಿರುಪು ಬೋಲ್ಟು ಹಾಕಿ ನಿಧಾನಕ್ಕೆ ತಿರುಗಿಸ್ತಾ ಹೋಗಿ. ಮೇಲಿನ ಹಲಗೆ ಆಕಾಶದ ಜೊತೆ ಏಳ್ತೈತೆ. ಒಂದು ಮಿಲಿಮೀಟರ್ ಮರೆಯ ಬೋಲ್ಟನ್ನ ಕೀಲಿನಿಂದ ಸುಮಾರು 229 ಮಿಲಿಮೀಟರ್ ದೂರಕ್ಕೆ ಹಾಕಿದ್ರೆ ನಿಮಿಷಕ್ಕೆ ಒಂದು ಸುತ್ತು ಲೆಕ್ಕ. ಕ್ಯಾಮರಾಗೆ ಇದು ಸಾಕು. ಟೆಲಿಸ್ಕೋಪಿಗೆ ದಾರಿ ತೋರಿಸಿದ್ದು ಫ್ರಾನ್ಸಿನ ಆಡ್ರಿಯನ್ ಪೋನ್ಸೆ. 1977ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ತಮ್ಮ ಮಣೆಯನ್ನ ವಿವರಿಸಿದರು. ಒಂದು ಕಡೆ ಚೂಪು ಮೊಳೆ, ಇನ್ನೊಂದು ಕಡೆ ಓರೆಯಾದ ನುಣುಪು ಹಲಗೆ. ಅದರ ಮೇಲೆ ಮಣೆ ಓರೆಯಾಗಿ ಜಾರ್ತೈತೆ, ಮೇಲೆ ಏನು ಇಟ್ರೂ ಆಕಾಶದ ಜೊತೆ ತಿರುಗ್ತೈತೆ. ಡಾಬ್ಸನ್ ಪೆಟ್ಟಿಗೆ ಇಟ್ಕೊಂಡಿದ್ದೋರು ಈ ಮಣೇನ ಹಬ್ಬದೂಟದಂಗೆ ಎದುರುಗೊಂಡರು. ಪೆಟ್ಟಿಗೇನ ಮುಟ್ಟೋ ಹಂಗೇ ಇಲ್ಲ, ಕೆಳಗೆ ಮಣೆ ಇಟ್ರೆ ಸಾಕು!

ನಮ್ಮ ಹುಡುಗ ಅಂಥದ್ದೇ ಒಂದು ನಕ್ಷೆ ಇಳಿಸ್ಕೊಂಡು ಮಣೆ ಮಾಡಿದ. ಎರಡು ವಾರ ರಜೆಯೆಲ್ಲ ಅದಕ್ಕೇ ಹೋಯ್ತು. ಇಟ್ಟು ನೋಡಿದ್ರೆ ಶನಿ ಇನ್ನೂ ಪಕ್ಕಕ್ಕೆ ಜಾರ್ತಾನೆ. ನಕ್ಷೆ ಬರೆದೋನ ಊರಲ್ಲಿ ಧ್ರುವ ನಲವತ್ತು ಡಿಗ್ರಿ ಎತ್ತರ. ಆ ಓರೆ ನಮ್ಮೂರಿಗೆ ಹೊಂದಲ್ಲ. ಸರಿ, ಓರೆ ಹಲಗೇನ ನಮ್ಮ ಲೆಕ್ಕಕ್ಕೆ ತಿದ್ದೋಣ ಅಂತ ಹೋದ. ಆ ಹಲಗೆ ಯಾವಾಗಲೂ ಅಚ್ಚಿಗೆ ಅಡ್ಡಲಾಗಿ ಇರಬೇಕು. ನಮ್ಮ ಅಚ್ಚು ಮಲಗಿರೋದು, ಅದಕ್ಕೆ ಅಡ್ಡ ಅಂದ್ರೆ ಹಲಗೆ ಗೋಡೆಯಂಗೆ ನಿಂತ್ಕೊಳ್ತದೆ. ಗೋಡೆ ಮೇಲೆ ಮಣೆ ಕೂರ್ತದಾ? ಪೈಪು ಪೆಟ್ಟಿಗೆ ಸಮೇತ ದಬ್ ಅಂತ ಬಿತ್ತು. ಪುಣ್ಯಕ್ಕೆ ಕನ್ನಡಿ ಉಳೀತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪ್ಲೈವುಡ್ಡು ಕುಯ್ದು ಕೊಡ್ತಿದ್ದ ಆಚಾರಿ ಹತ್ರ ಮತ್ತೆ ಹೋದಾಗ ನಾನೂ ಜೊತೆಗಿದ್ದೆ. ಹುಡುಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ವಿವರಿಸಿದ: ಪೈಪಿನ ತೂಕ ಸಮ ಆಗೋ ಜಾಗ ಮಣೆಯಿಂದ ಅರ್ಧ ಮೀಟರ್ ಮೇಲೈತೆ, ಅಚ್ಚಿನ ಗೆರೆ ಅದರ ಹತ್ರಾನೇ ಹೋಗಬೇಕು, ಮಣೆ ಕೆಳಗಿದ್ಕೊಂಡು ಆ ಗೆರೆ ಸುತ್ತ ಅತ್ತಿಂದಿತ್ತ ಓಲಾಡಬೇಕು. ಆಚಾರಿ ಸುಮ್ಮನೆ ಕೇಳಿಸ್ಕೊಂಡು, "ಅಚ್ಚು ಮೇಲೆ, ಮಣೆ ಕೆಳಗೆ, ಅತ್ತ ಇತ್ತ ಓಲಾಡಬೇಕು. ಇದು ತೊಟ್ಟಿಲು ಕಣಪ್ಪ. ಎರಡು ಕಾಲಿಗೂ ಕಮಾನು ಕುಯ್ದು ಕೊಡ್ತೀನಿ, ಅಳತೆ ಹೇಳು" ಅಂದ.

ಅಷ್ಟೇ ನೋಡಿ. ದೂರದ ಊರುಗಳಲ್ಲಿ ಧ್ರುವ ಎತ್ತರ, ಅಚ್ಚಿನ ಗೆರೆ ಕಡಿದಾಗಿ ಇಳಿದು ಮಣೆ ಅಂಚಲ್ಲೇ ನೆಲಕ್ಕೆ ತಾಕ್ತದೆ, ಅಲ್ಲೊಂದು ಮೊಳೆ ಸಾಕು. ನಮ್ಮಲ್ಲಿ ಗೆರೆ ಮಣೆ ಮೇಲೇ ಗಾಳಿಯಲ್ಲಿ ಹಾದುಹೋಗ್ತದೆ, ಎರಡೂ ಕಡೆ ಕಮಾನು ಬೇಕು. ನಮ್ಮ ತೊಟ್ಟಿಲಿಗೆ ಬಡಗಣ ಕಮಾನು ದೊಡ್ಡದು, ಸುಮಾರು 55 ಸೆಂಟಿಮೀಟರ್ ಅರೆವ್ಯಾಸದ್ದು. ತೆಂಕಣದ್ದು ಸುಮಾರು 45. ಎರಡಕ್ಕೂ ನಡುವೆ 40 ಸೆಂಟಿಮೀಟರ್ ಅಂತರ. ಆ ಹತ್ತು ಸೆಂಟಿಮೀಟರ್ ವ್ಯತ್ಯಾಸಾನೇ ಗೌನಿಪಲ್ಲಿಯ ಧ್ರುವನ ಎತ್ತರ. ಎರಡೂ ಕಮಾನು ಅಚ್ಚಿಗೆ ಅಡ್ಡಲಾಗಿ ಸ್ವಲ್ಪ ವಾಲಿಕೊಂಡಿರ್ತವೆ, ಕೆಳಗೆ ಚಿಕ್ಕ ಚಕ್ರಗಳ ಮೇಲೆ ಕೂತಿರ್ತವೆ. ತೊಟ್ಟಿಲು ಗಂಟೆಗೆ 15 ಡಿಗ್ರಿ ಓಲಬೇಕು. ಅಂದ್ರೆ ದೊಡ್ಡ ಕಮಾನು ಗಂಟೆಗೆ ಹದಿನಾಲ್ಕೂವರೆ ಸೆಂಟಿಮೀಟರಿಗೂ ಚೂರು ಕಮ್ಮಿ ಸರೀತದೆ, ಒಂದು ಗೇಣೂ ಇಲ್ಲ. ಇಷ್ಟು ನಿಧಾನವಾಗಿ ತೂಗಿದ್ರೆ ಯಾವ ಕೂಸೂ ಮಲಗಲ್ಲ, ಆದ್ರೆ ಶನಿ ಮಲಗ್ತಾನೆ. ಗಂಟೆ ಆದ ಮೇಲೆ ತೊಟ್ಟಿಲನ್ನ ಮತ್ತೆ ಈ ಕಡೆಗೆ ಎಳೆದಿಟ್ಟು ಮೊದಲಿಂದ ಶುರು ಮಾಡಬೇಕು.

ಮೊದಲ ದಿನ ಮೋಟರ್ ಇನ್ನೂ ಬಂದಿರಲಿಲ್ಲ. ಒಂದೂಕಾಲು ಮಿಲಿಮೀಟರ್ ಮರೆಯ ಉದ್ದನೆ ಬೋಲ್ಟು ಹಾಕಿ, ಅದರ ತಲೆಗೆ ಮರದ ಹಿಡಿ ಸಿಕ್ಕಿಸಿದ್ದ. ನಿಮಿಷಕ್ಕೆ ಹೆಚ್ಚೂಕಮ್ಮಿ ಎರಡು ಸುತ್ತು, ಅಂದ್ರೆ ಹದಿನೈದು ಸೆಕೆಂಡಿಗೊಂದ್ಸಲ ಅರ್ಧ ಸುತ್ತು ತಿರುಗಿಸಬೇಕು. "ಯಾರು ತಿರುಗಿಸ್ತೀರ?" ಅಂದ. ಬೀಸೋಕಲ್ಲು ತಿರುಗಿಸಿದ ಕೈ ಇದು, ನಾನೇ ಕೂತೆ. ಗೋಡೆ ಗಡಿಯಾರ ಪಕ್ಕಕ್ಕೆ ಇಟ್ಕೊಂಡೆ. ಹುಡುಗ ಧ್ರುವನ ಕಡೆಗೆ ಗುರಿ ಹಿಡಿದು ತೊಟ್ಟಿಲು ಸರಿ ಮಾಡಿದ, ಶನೀನ ಮಧ್ಯಕ್ಕೆ ತಂದ. ನಾನು ತಿರುಗಿಸ್ತಾ ಹೋದೆ.

ಈ ಸಲ ಸಾಲಿನಲ್ಲಿ ಮೊದಲು ಅತ್ತೆ. ಸ್ಟೂಲ್ ಬೇಡ ಅಂತ ಕುರ್ಚಿ ಹಾಕಿಕೊಟ್ವಿ. ಅವರು ನಿಧಾನಕ್ಕೆ ಕೂತು, ಕನ್ನಡಕ ತೆಗೆದು, ಸೆರಗಲ್ಲಿ ಕಣ್ಣೊರೆಸ್ಕೊಂಡು ಬಗ್ಗಿದ್ರು. ಯಾರೂ ಬೇಗ ಬೇಗ ಅನ್ನಲಿಲ್ಲ. ಒಂದು ನಿಮಿಷ ಆಯ್ತು, ಎರಡು ನಿಮಿಷ ಆಯ್ತು, ಮಾತೇ ಇಲ್ಲ. ನನಗೆ ಭಯ, ಈಗಲೂ ಕಪ್ಪೇ ಕಾಣ್ತೈತೇನೋ ಅಂತ. ಆಮೇಲೆ ಕಣ್ಣು ತೆಗೀದೇನೇ ಅಂದ್ರು: "ನಿಂತವ್ನೆ ಕಣಮ್ಮ. ಸುತ್ತ ಬಳೆ ಐತೆ. ಬಳೆಗೂ ಅವನಿಗೂ ನಡುವೆ ಸಂದು ಐತೆ." ಆ ಸಂದನ್ನ ಹುಡುಗ ಯಾರಿಗೂ ಹೇಳಿರಲಿಲ್ಲ. ಅವಸರದಲ್ಲಿ ನೋಡಿದ ನಮಗ್ಯಾರಿಗೂ ಅದು ಕಂಡಿರಲೂ ಇಲ್ಲ.

ಕೈ ನೋಯ್ತಿತ್ತು, ನಿಲ್ಲಿಸಲಿಲ್ಲ. ಹಿಮದಲ್ಲಿ ಯಂತ್ರ ಸರಿಸೋಕೆ ಓಡಿದ ಆ ಕ್ಯಾರೊಲಿನ್ ಸುದ್ದಿ ಆಗ ನನಗೆ ಗೊತ್ತಿರಲಿಲ್ಲ. ಓದಿದ ಮೇಲೆ ಅವಳ ಮೇಲೆ ಅಕ್ಕತಂಗಿ ಥರ ಮನಸಾಯ್ತು. ಅವಳು ತಿರುಗಿಸಿದ್ದು ಅಣ್ಣ ನೋಡ್ಲಿ ಅಂತ. ನಾನು ತಿರುಗಿಸಿದ್ದು ಅತ್ತೆ ನೋಡ್ಲಿ ಅಂತ.

ಈಗ ಹಳೇ ಪ್ರಿಂಟರಿನಿಂದ ಬಿಚ್ಚಿದ ಚಿಕ್ಕ ಮೋಟರ್ ಬಂದು ಕೂತೈತೆ, ನನ್ನ ಕೆಲಸ ಹೋಯ್ತು. ತೊಟ್ಟಿಲು ಹತ್ತು ಕೆಲಸ ಮುಗಿಸಿ ಕೊನೆಗೆ ಬರೋರಿಗೂ ಕಾಯ್ತೈತೆ. ಪಾತ್ರೆ ತೊಳೆದು, ಹಾಲು ಹೆಪ್ಪಿಗೆ ಹಾಕಿ, ಬಾಗಿಲ ಮುಂದೆ ನೀರು ಹಾಕಿ ಬನ್ನಿ, ಅವಸರ ಇಲ್ಲ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ಮಿದ್ದೆ ಮೇಲೆ ಇಟ್ಟಿರ್ತೀವಿ. ಮೆಟ್ಟಿಲಿಗೆ ಹಿಡಿಗಂಬಿ ಹಾಕಿಸಿದ್ದೀವಿ, ಮಂಡಿನೋವಿನೋರೂ ಬರಬಹುದು.